ಗೋವಾದ ದುಡಿಮೆ, ರೋಣದ ರಿಟರ್ನ್

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಾನು ಟೈಲ್ಸ್ ಕೂಡಿಸುವ ಗೌಂಡಿ. ಊರು ರೋಣ ತಾಲೂಕಿನ ಒಂದು ಹಳ್ಳಿ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಗೋವಾದಲ್ಲೇ ಇರುತ್ತೇನೆ. ಮಾಪ್ಸಾ, ಮಡಗಾಂವ್ ಕಡೆ ಒಬ್ಬ ಬಿಲ್ಡರ್ ಹತ್ತಿರ ಸ್ಕ್ವೇರ್ ಫೂಟ್ ಲೆಕ್ಕದಲ್ಲಿ ಕೆಲಸ ಹಿಡಿಯುತ್ತೇನೆ. ಟೈಲ್ಸ್, ಸಿಮೆಂಟ್ ಅವರದೇ, ಕೆಲಸ ಮಾತ್ರ ನಮ್ಮದು. ಊರಿನ ಇಬ್ಬರು ಹುಡುಗರು ಜೊತೆಗಿದ್ದಾರೆ. ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಒಂದು ರೂಪಾಯಿ ಹಿಡಿದು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತಾರೆ. 2024-25ರಲ್ಲಿ ಒಟ್ಟು 6,40,000 ರೂಪಾಯಿ ಬಿಲ್ ಆಗಿದೆ. ರಿಟರ್ನ್ ಹಾಕಿಲ್ಲ. ಗೋವಾದಲ್ಲಿ ದುಡಿದದ್ದಕ್ಕೆ ಪಣಜಿಯಲ್ಲೇ ರಿಟರ್ನ್ ಹಾಕಬೇಕು, ಪ್ಯಾನ್ ವಿಳಾಸವೂ ಅಲ್ಲಿಯದೇ ಆಗಬೇಕು, ಇಲ್ಲದಿದ್ದರೆ ಕರ್ನಾಟಕದಲ್ಲಿ ಮತ್ತೊಮ್ಮೆ ಟ್ಯಾಕ್ಸ್ ಬೀಳುತ್ತದೆ ಎಂದು ಅಲ್ಲಿ ಒಬ್ಬರು ಹೇಳಿದರು. ಮಾಡಿಕೊಡಲು 4,000 ಕೇಳುತ್ತಿದ್ದಾರೆ. ಜಿಎಸ್‌ಟಿ ನಂಬರೂ ಬೇಕಂತೆ. ದೀಪಾವಳಿಗೆ ಊರಿಗೆ ಬಂದಿದ್ದೇನೆ. ಏನು ಮಾಡಲಿ? ನನ್ನ ಹೆಸರಿನಲ್ಲಿ ಹೊಲ ಇಲ್ಲ, ಅಪ್ಪನ ಹೆಸರಿನಲ್ಲಿ ನಾಲ್ಕು ಎಕರೆ ಇದೆ. ಲೆಕ್ಕದ ಡೈರಿಯ ಫೋಟೊ ಕಳಿಸಿದ್ದೇನೆ.
— ಹೆಸರು ಬೇಡ ಎಂದವರು, ರೋಣ ತಾಲೂಕು

ಉತ್ತರ: ತಮ್ಮಾ, ಆ 4,000 ಕೊಡಬೇಡಿ. ನಿಮ್ಮದೇ ರೊಕ್ಕ ಸರ್ಕಾರದ ಹತ್ತಿರ ಇದೆ, ಮೊದಲು ಅದನ್ನು ವಾಪಸ್ ತಗೊಳ್ಳೋಣ.

ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು. ಅದಕ್ಕೆ ಗೋವಾ ಬೇರೆ, ಕರ್ನಾಟಕ ಬೇರೆ ಅಂತ ಇಲ್ಲ. ದೇಶದ ಯಾವ ಊರಲ್ಲಿ ದುಡಿದರೂ ಒಂದೇ ಪ್ಯಾನ್, ವರ್ಷಕ್ಕೆ ಒಂದೇ ರಿಟರ್ನ್. ಒಂದೇ ದುಡಿಮೆಗೆ ಎರಡು ರಾಜ್ಯದಲ್ಲಿ ಆದಾಯ ತೆರಿಗೆ ಬೀಳುವ ಮಾತೇ ಇಲ್ಲ. ಪಣಜಿಯಲ್ಲಿ ಕೂತು ಹಾಕಿದರೂ ರೋಣದಲ್ಲಿ ಕೂತು ಹಾಕಿದರೂ ರಿಟರ್ನ್ ಹೋಗಿ ಸೇರುವುದು ಬೆಂಗಳೂರಿನ ಸಿಪಿಸಿಗೆ, ಅಂದರೆ ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರಕ್ಕೆ. ಇಡೀ ದೇಶದ ರಿಟರ್ನ್ ಅಲ್ಲಿಗೇ ಹೋಗುತ್ತದೆ. ಅಷ್ಟೇ ಅಲ್ಲ, ಆದಾಯ ತೆರಿಗೆ ಇಲಾಖೆಯಲ್ಲಿ ಕರ್ನಾಟಕ ಮತ್ತು ಗೋವಾ ಸೇರಿ ಒಂದೇ ವಲಯ. ಪ್ಯಾನ್ ವಿಳಾಸ ನಿಮ್ಮ ಊರಿನದೇ ಇರಲಿ. ಸೈಟ್ ಮುಗಿದ ಮೇಲೆ ಬಿಟ್ಟು ಬರುವ ರೂಮಿನ ವಿಳಾಸಕ್ಕೆ ಇಲಾಖೆಯ ಪತ್ರ ಹೋದರೆ ಅದನ್ನು ತಗೊಳ್ಳೋರು ಯಾರು?

ನಿಮ್ಮ ಡೈರಿಯ ಫೋಟೊ ಬಹಳ ಹೊತ್ತು ನೋಡಿದೆ. ಎಡಗಡೆ ಹಾಳೆಯಲ್ಲಿ ಹಾಲ್, ಬಾತ್‌ರೂಮು, ಸ್ಕರ್ಟಿಂಗು ಎಂದು ಫೂಟಿನ ಲೆಕ್ಕ. ಬಲಗಡೆ ಹುಡುಗರ ಪಗಾರ, ಹಬ್ಬಕ್ಕೆ ಕೊಟ್ಟ ಉಚಲು (ಮುಂಗಡ), ರೂಮಿನ ಬಾಡಿಗೆ, ಕಟರ್ ಬ್ಲೇಡಿನ ಖರ್ಚು. ಹಾಳೆಯ ಮೂಲೆಯಲ್ಲಿ ಸಿಮೆಂಟಿನ ಬೆರಳಚ್ಚು ಹಾಗೇ ಒಣಗಿದೆ. ಹುಬ್ಬಳ್ಳಿಯಲ್ಲಿ ದೊಡ್ಡ ಅಂಗಡಿ ಇಟ್ಟವರೂ ನನಗೆ ಇಷ್ಟು ಚೊಕ್ಕ ಲೆಕ್ಕ ತಂದುಕೊಡುವುದಿಲ್ಲ. ಎಲ್ಲ ಕೂಡಿಸಿದೆ. ಖರ್ಚು 3,55,000. ನಿಮಗೆ ಉಳಿದದ್ದು 2,85,000.

ಈಗ ಕಾನೂನಿನ ಮಾತು. ನಿಮ್ಮಂಥ ಸಣ್ಣ ಗುತ್ತಿಗೆಯವರಿಗೆ 44ಎಡಿ ಎಂಬ ಕಲಂ ಇದೆ. ಬ್ಯಾಂಕಿಗೆ ಬಂದ ಬಿಲ್ಲಿನ ಶೇ. 6, ನಗದು ಬಂದಿದ್ದರೆ ಶೇ. 8 ಲಾಭ ಎಂದು ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಇಡಬೇಕಿಲ್ಲ. ಆ ಪ್ರಕಾರ ನಿಮ್ಮ ಲಾಭ ಬರೀ 38,400 ಆಗುತ್ತದೆ. ಸುಮ್ನೆ ಅಷ್ಟೇ ಬರೆದುಬಿಡಿ ಎನ್ನುವವರು ಬಹಳ ಜನ ಸಿಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಶೇ. 6 ಅನ್ನೋದು ಕನಿಷ್ಠ. ನಿಜವಾಗಿ ಜಾಸ್ತಿ ಉಳಿದಿದ್ದರೆ ಅದನ್ನೇ ಬರೆಯಬೇಕು. 2,85,000 ಎಂದೇ ಬರೆಯಿರಿ. 2024-25ಕ್ಕೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಿಮಗೆ ಒಂದು ಪೈಸೆ ಭಾರವೂ ಆಗುವುದಿಲ್ಲ. ನಾಳೆ ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದು ಇದೇ ಕಾಗದವನ್ನು. ವರ್ಷಕ್ಕೆ 38,400 ದುಡಿಯುವವನಿಗೆ ಸಾಲ ಯಾರು ಕೊಡುತ್ತಾರೆ?

ಬಿಲ್ಡರ್ ಹಿಡಿದ ಶೇ. 1, ಅಂದರೆ 6,400 ರೂಪಾಯಿ, ಟಿಡಿಎಸ್. ಗಡಿ ದಾಟಿ ದುಡಿದದ್ದಕ್ಕೆ ಕಟ್ಟುವ ಸುಂಕ ಅಲ್ಲ ಅದು. ನಿಮ್ಮ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ತೆರಿಗೆ. ತೆರಿಗೆಯೇ ಇಲ್ಲ ಎಂದ ಮೇಲೆ ಪೂರ್ತಿ 6,400 ವಾಪಸ್ ಬರಬೇಕು. ಗೋವಾಕ್ಕೆ ದುಡಿಯಲು ಹೋಗುವ ನಮ್ಮ ಕಡೆಯ ಎಷ್ಟೋ ಹುಡುಗರು ಈ ರೊಕ್ಕ ಹೋಯಿತು ಎಂದೇ ತಿಳಿದಿರುತ್ತಾರೆ. ಇದು ನನಗೆ ಬಹಳ ಸಂಕಟದ ವಿಷಯ. ಮೊಣಕಾಲೂರಿ ದುಡಿದ ದುಡ್ಡು ಅದು.

ಆದರೆ ಗಡುವು ನೋಡಿಕೊಳ್ಳಿ. 2024-25ರ ರಿಟರ್ನ್ ಗಡುವು 2025ರ ಸೆಪ್ಟೆಂಬರ್ 16ಕ್ಕೇ ಮುಗಿದಿದೆ. ತಡವಾದ ರಿಟರ್ನ್ ಹಾಕಲು ಕೊನೆಯ ದಿನ 2025ರ ಡಿಸೆಂಬರ್ 31. ನಿಮ್ಮ ಆದಾಯ 3 ಲಕ್ಷದೊಳಗೆ ಇರುವುದರಿಂದ ತಡಕ್ಕೆ ಶುಲ್ಕವೂ ಬೀಳುವುದಿಲ್ಲ. ಆ ತಾರೀಖು ದಾಟಿದರೆ ರಿಫಂಡಿಗಾಗಿ ತಡ ಮನ್ನಿಸಿ ಎಂದು ಕಾರಣ ಬರೆದು ಆಯುಕ್ತರಿಗೆ ಅರ್ಜಿ ಹಾಕಬೇಕು. ಹಳೆಯ ವರ್ಷಗಳಲ್ಲೂ ಹೀಗೆ ಹಿಡಿದದ್ದು ಉಳಿದಿದ್ದರೆ ಅದಕ್ಕೂ ಇದೇ ದಾರಿ, ಐದು ವರ್ಷದ ಮಿತಿ ಇದೆ. ಕಷ್ಟದ ದಾರಿ, ಆದರೆ ದಾರಿ.

ಫಾರ್ಮ್ ಯಾವುದು ಎಂಬುದು ಹೊಲದ ಮೇಲೆ ನಿಂತಿದೆ. ಉತಾರ ಅಪ್ಪನ ಹೆಸರಿನಲ್ಲಿದ್ದು, ಹೆಸರುಕಾಳು, ಕಡಲೆ ಮಾರಿದ ರೊಕ್ಕವೂ ಅವರದೇ ಆದರೆ ನಿಮಗೆ ಐಟಿಆರ್-4 ಸಾಕು. ಮುಂದೆ ಹೊಲ ನಿಮ್ಮ ಪಾಲಿಗೆ ಬಂದು, ವರ್ಷಕ್ಕೆ 5,000ಕ್ಕಿಂತ ಜಾಸ್ತಿ ಬೆಳೆಯ ಆದಾಯ ಬಂದರೆ ಐಟಿಆರ್-4 ನಡೆಯುವುದಿಲ್ಲ, ಐಟಿಆರ್-3 ಹಾಕಬೇಕು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೂ ಅದನ್ನು ತೋರಿಸಬೇಕು. ಇಲ್ಲಿ ತಪ್ಪುವವರು ಜಾಸ್ತಿ.

ರಿಟರ್ನ್ ಹಾಕುವ ಮುಂಚೆ 26ಎಎಸ್ ಎಂಬ ತೆರಿಗೆ ಜಮಾ ಪಟ್ಟಿ ತೆಗೆಸಿ ನೋಡಿ. ಬಿಲ್ಡರ್ ಹಿಡಿದ ರೊಕ್ಕ ನಿಮ್ಮ ಪ್ಯಾನ್ ಮೇಲೆ ಜಮಾ ಆಗಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. ನಾನು ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಸೋದರಮಾವ ಗೋವಾದಲ್ಲೇ ಪೇಂಟಿಂಗ್ ಗುತ್ತಿಗೆ ಮಾಡುತ್ತಿದ್ದರು. ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಮಾವನ ಪ್ಯಾನ್‌ನ ಎರಡು ಅಂಕಿ ಅದಲು ಬದಲು ಬರೆದುಕೊಂಡಿದ್ದರು. 11,000 ರೂಪಾಯಿ ಹಿಡಿದಿದ್ದರು, 26ಎಎಸ್‌ನಲ್ಲಿ ಒಂದು ಪೈಸೆಯೂ ಇರಲಿಲ್ಲ. ಆ ತಪ್ಪು ತಿದ್ದುವ ಅಧಿಕಾರ ಹಿಡಿದವರಿಗೆ ಮಾತ್ರ ಇರುತ್ತದೆ, ನಮಗೆ ಇರುವುದಿಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ ಮಾಡಿ ಏಳು ತಿಂಗಳಾದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಮಾವ ಆಸೆ ಬಿಟ್ಟಿದ್ದರು. ನೀವು ಬಿಲ್ಡರ್ ಹತ್ತಿರ ಫಾರ್ಮ್ 16ಎ, ಅಂದರೆ ಟಿಡಿಎಸ್ ಹಿಡಿದದ್ದರ ಪ್ರಮಾಣಪತ್ರ, ಕೇಳಿ ಇಸ್ಕೊಳ್ಳಿ. ಮೂರು ತಿಂಗಳಿಗೊಮ್ಮೆ ಅದನ್ನು ಕೊಡುವುದು ಅವರ ಕರ್ತವ್ಯ, ಕೇಳಲು ಸಂಕೋಚ ಬೇಡ.

ಇನ್ನೊಂದು ಸಣ್ಣ ವಿಷಯ, ಆದರೆ ಕೆಲಸ ನಿಲ್ಲುವುದು ಇಲ್ಲೇ. ರಿಟರ್ನ್ ಹಾಕಿ 30 ದಿನದೊಳಗೆ ಆಧಾರ್ ಓಟಿಪಿಯಿಂದ ಖಾತ್ರಿ ಮಾಡಬೇಕು. ಗೋವಾಕ್ಕೆ ಹೋದವರು ಅಲ್ಲಿ ಹೊಸ ಸಿಮ್ ತಗೊಂಡಿರುತ್ತಾರೆ, ಆಧಾರ್‌ಗೆ ಹಳೆಯ ನಂಬರೇ ಇರುತ್ತದೆ. ಊರಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಿ. ಪ್ಯಾನ್‌ಗೆ ಆಧಾರ್ ಜೋಡಣೆ ಆಗಿದೆಯಾ, ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮಾನ್ಯ ಆಗಿದೆಯಾ, ಅದನ್ನೂ ನೋಡಿ.

ಜಿಎಸ್‌ಟಿ ನಿಮಗೆ ಬೇಡ. ನೀವು ಮಾರುವುದು ಬರೀ ಕೆಲಸ, ಅಂದರೆ ಸೇವೆ. ಬೇರೆ ರಾಜ್ಯದಲ್ಲಿ ಸೇವೆ ಕೊಟ್ಟರೂ ವರ್ಷದ ಬಿಲ್ 20 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯ ಅಲ್ಲ. 2017ರ ಅಕ್ಟೋಬರ್‌ನಿಂದ ಈ ವಿನಾಯಿತಿ ಇದೆ. 2025-26ಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಇಲ್ಲದ ಮಿತಿಯೂ 4 ಲಕ್ಷಕ್ಕೆ ಏರಿದೆ. ಡೈರಿ ಬರೆಯುವುದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮನೆಯಲ್ಲೇ ಮೆಣಸಿನಕಾಯಿ ಕುಟ್ಟಿಸಿ, ಖಾರದ ಪುಡಿ ಪೊಟ್ಟಣ ಮಾಡಿ ಮಾರುತ್ತೇನೆ. ವರ್ಷಕ್ಕೆ ಮೂರು ಲಕ್ಷದ ವ್ಯಾಪಾರ. ಈಗ ಪುಣೆಯಿಂದ ಆರ್ಡರ್ ಬರುತ್ತಿವೆ. 20 ಲಕ್ಷದೊಳಗೆ ಇದ್ದರೆ ಜಿಎಸ್‌ಟಿ ಬೇಡ ಅಲ್ವಾ?
— ಗೃಹಿಣಿ, ಹಾವೇರಿ ಜಿಲ್ಲೆ

ಉತ್ತರ: ಇಲ್ಲ ತಂಗಿ, ನಿಮಗೆ ಬೇಕು. ಮೇಲಿನ ಗೌಂಡಿ ಮಾರುವುದು ಸೇವೆ, ನೀವು ಮಾರುವುದು ಸರಕು. ಕರ್ನಾಟಕದ ಒಳಗಷ್ಟೇ ಮಾರಿದರೆ 40 ಲಕ್ಷದವರೆಗೆ ನೋಂದಣಿ ಬೇಡ. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿತು ಎಂದರೆ ಮೊದಲ ಪೊಟ್ಟಣದಿಂದಲೇ ನೋಂದಣಿ ಕಡ್ಡಾಯ. ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಖಾರದ ಪುಡಿಗೆ ಇಲ್ಲ. ಸಣ್ಣ ವ್ಯಾಪಾರದವರ ಕಾಂಪೊಸಿಷನ್ ಯೋಜನೆಯಲ್ಲಿ ಹೊರರಾಜ್ಯಕ್ಕೆ ಮಾರಲು ಬಿಡುವುದಿಲ್ಲ, ಅದಕ್ಕೆ ಸಾಮಾನ್ಯ ನೋಂದಣಿಯೇ ತಗೊಳ್ಳಿ. ಮನೆಯಿಂದ ದುಡಿಯುವ ಹೆಣ್ಣುಮಕ್ಕಳಿಗೆ ಇದು ಹೊರೆಯೇ. ಸೇವೆಗೆ ಕೊಟ್ಟ ರಿಯಾಯಿತಿಯನ್ನು ಸಣ್ಣ ಸರಕಿಗೂ ಕೊಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಖಾರದ ಪುಡಿಗೆ ತೆರಿಗೆ ಶೇ. 5. ಅದನ್ನು ದರದಲ್ಲೇ ಸೇರಿಸಿ ಪುಣೆಯವರಿಗೆ ಹೇಳಿ. ರಿಟರ್ನ್ ಮೂರು ತಿಂಗಳಿಗೊಮ್ಮೆ ಹಾಕುವ ಆಯ್ಕೆ ಇದೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿರದಿದ್ದರೆ ಅದನ್ನೂ ಮಾಡಿಸಿ, ನಿಮ್ಮಷ್ಟು ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ. ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ಕರೆಂಟ್ ಬಿಲ್ ಜೋಡಿಸಿಡಿ. ಕರೆಂಟ್ ಬಿಲ್ ಮನೆಯವರ ಅಥವಾ ಮಾವನವರ ಹೆಸರಿನಲ್ಲಿದ್ದರೆ ಅವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ.