ನಿಮ್ಮ ನರಕೋಶಗಳಿಗೆ ದಣಿವಾಗಲಿ

ಕಂಪ್ಯೂಟರಿನಲ್ಲಿ ಸಾವಿರ ನರಕೋಶಗಳ ಜಾಲ ಕಟ್ಟಿದ್ದೀರಿ. ಅದು ಒಂದೋ ಸುಮ್ಮನಿರುತ್ತದೆ, ಇಲ್ಲವೇ ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ. ಗಾಢ ನಿದ್ರೆಯ ನಿಧಾನ ಅಲೆ, ಅಂದರೆ ಕೋಶಗಳೆಲ್ಲ ಒಟ್ಟಿಗೆ ಮಿಡಿದು ಒಟ್ಟಿಗೆ ಸುಮ್ಮನಾಗುವ ಲಯ, ಬರಲು ತಾಳ ಹಾಕುವ ಕೋಶವೊಂದನ್ನು ಸೇರಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. 2000ದಲ್ಲಿ ಸಾಂಚೆಸ್-ವೀವೆಸ್ ಮತ್ತು ಮೆಕಾರ್ಮಿಕ್ ಅವರು ಫೆರೆಟ್ ಪ್ರಾಣಿಯ ಮಿದುಳಿನ ಹೊರಪದರದಿಂದ ತೆಳು ಬಿಲ್ಲೆ ಕತ್ತರಿಸಿ, ಜೀವಂತ ಮಿದುಳಿನಲ್ಲಿರುವಂತೆ ಲವಣಗಳನ್ನು ಹೊಂದಿಸಿದ ದ್ರವದಲ್ಲಿಟ್ಟರು. ಉಳಿದ ಮಿದುಳಿನ ನಂಟೇ ಇಲ್ಲದ ಆ ಚೂರು ಕೆಲವು ಸೆಕೆಂಡಿಗೊಮ್ಮೆ ತಾನೇ ಎದ್ದು, ತಾನೇ ಮಲಗತೊಡಗಿತು.

ನಿಮ್ಮ ಜಾಲ ನಿಲ್ಲದೆ ಮಿಡಿಯುವುದು, ಅಂದರೆ ವಿದ್ಯುತ್ ಸಂಕೇತ ಹೊಮ್ಮಿಸುತ್ತಲೇ ಇರುವುದು, ದೋಷವಲ್ಲ, ಅರ್ಧ ಕೆಲಸ ಆಗಿದೆ ಎಂದೇ ಅರ್ಥ. ಕೋಶಗಳು ಒಂದನ್ನೊಂದು ಎಚ್ಚರವಾಗಿಡುತ್ತಿವೆ. ಕೊರತೆ ಇರುವುದು ದಣಿವಿನದು. ನೀವು ಬರೆದ ಸಮೀಕರಣಗಳಲ್ಲಿ ಎಲ್ಲವೂ ಮಿಲಿಸೆಕೆಂಡುಗಳಲ್ಲೇ ಮುಗಿಯುತ್ತದೆ: ಕೋಶಪೊರೆಗೆ 20, ಉತ್ತೇಜಕ ಸಂಪರ್ಕಕ್ಕೆ 5. ಸೆಕೆಂಡುಗಳ ಲಯಕ್ಕೆ ಅಷ್ಟು ಹೊತ್ತು ಉಳಿಯುವ ಏನಾದರೂ ಬೇಕಲ್ಲ? ನಿಜವಾದ ಕೋಶದಲ್ಲಿ ಪ್ರತಿ ಮಿಡಿತಕ್ಕೂ ಸ್ವಲ್ಪ ಸೋಡಿಯಂ, ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅವು ಕೂಡಿಕೊಂಡಂತೆ ಪೊಟ್ಯಾಸಿಯಂ ನಾಲೆಗಳು ತೆರೆದು, ಧನ ಆವೇಶ ಹೊರಗೆ ಸೋರಿ, ಮುಂದಿನ ಮಿಡಿತ ಕಷ್ಟವಾಗುತ್ತದೆ. ಕೆಲವು ಕೋಶ ಸುಮ್ಮನಾದರೆ ಅವುಗಳ ಆಸರೆಯಲ್ಲಿದ್ದವೂ ಕುಸಿಯುತ್ತವೆ. ಆ ಮೌನದಲ್ಲಿ ದಣಿವು ಇಳಿಯುತ್ತದೆ. ಆಮೇಲೆ ಎಲ್ಲೋ ಒಂದೆರಡು ಆಕಸ್ಮಿಕ ಮಿಡಿತ ಬಿದ್ದರೂ ಸಾಕು, ಇಡೀ ಜಾಲ ಮತ್ತೆ ಏಳುತ್ತದೆ.

ಆದ್ದರಿಂದ ಪ್ರತಿ ಕೋಶಕ್ಕೂ ದಣಿವಿನ ಚರವೊಂದನ್ನು ಕೊಡಿ. ಮಿಡಿದಾಗಲೆಲ್ಲ ಅದು ತುಸು ಏರಲಿ, ಸುಮಾರು 1000 ಮಿಲಿಸೆಕೆಂಡಿನ ಕಾಲಮಾನದಲ್ಲಿ ಇಳಿಯಲಿ. ನಾನು ಮೊದಲು ಈ ಕಾಲಮಾನವನ್ನು 80 ಎಂದು ಕೊಟ್ಟಿದ್ದೆ. ಬರೀ ವೇಗದ ನಡುಕ ಬಂತು. ತಪ್ಪು ಸಂಪರ್ಕಗಳಲ್ಲಿದೆ ಎಂದುಕೊಂಡು ಎರಡು ಸಂಜೆ ಅವನ್ನೇ ತಿದ್ದುತ್ತ ಕುಳಿತೆ. ಇತರ ಕೋಶಗಳ ಮಿಡಿತವನ್ನು ತಡೆಯುವ ಪ್ರತಿಬಂಧಕ ಕೋಶಗಳನ್ನು ಮಾತ್ರ ತೆಗೆಯಬೇಡಿ, ಐದರಲ್ಲಿ ಒಂದು ಇರಲಿ. ಎಲ್ಲ ಕೋಶಗಳಿಗೂ ಸಣ್ಣ ಯಾದೃಚ್ಛಿಕ ಪ್ರವಾಹ ಹರಿಸಿ. ಅದಿಲ್ಲದಿದ್ದರೆ ಮಲಗಿದ ಜಾಲ ಏಳುವುದೇ ಇಲ್ಲ. ಪ್ರತಿ ಮಿಡಿತಕ್ಕೂ ಪರದೆಯ ಮೇಲೆ ಒಂದು ಚುಕ್ಕಿ ಇಡಿ. ದಣಿವಿನ ಬಲವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಹೋದರೆ ಅಲ್ಲಿ ಚುಕ್ಕಿಗಳ ದಟ್ಟ ಪಟ್ಟಿ, ಖಾಲಿ ಜಾಗ, ಒಂಟಿ ಚುಕ್ಕಿ, ಅದರ ಪಕ್ಕ ಎರಡು, ಮತ್ತೆ ದಟ್ಟ ಪಟ್ಟಿ ಕಾಣಿಸುತ್ತದೆ. ಮೊದಲ ಸಲ ನೋಡಿದಾಗ ನನಗೆ ರೋಮಾಂಚನವಾಗಿತ್ತು.

ಲಯ ಬಂದ ಮೇಲೆ ದಣಿವನ್ನು ಮತ್ತೆ ತಗ್ಗಿಸಿ ನೋಡಿ. ಪಟ್ಟಿಗಳು ಕರಗಿ ಚುಕ್ಕಿಗಳು ಎಲ್ಲೆಡೆ ಚದುರುತ್ತವೆ. ಎಚ್ಚರವಿರುವಾಗ ಮಿದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಪೊಟ್ಯಾಸಿಯಂ ಸೋರಿಕೆಯನ್ನು ತಗ್ಗಿಸಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದು ಕೋಶದ ವೋಲ್ಟೇಜಿನ ಹಿಸ್ಟೋಗ್ರಾಂ, ಅಂದರೆ ಯಾವ ವೋಲ್ಟೇಜಿನಲ್ಲಿ ಎಷ್ಟು ಹೊತ್ತು ಇತ್ತೆಂದು ತೋರಿಸುವ ನಕ್ಷೆ, ಬಿಡಿಸಿ ಇಲ್ಲಿ ಹಾಕಿ. ಅದರಲ್ಲಿ ಎದ್ದ ಸ್ಥಿತಿಗೊಂದು, ಮಲಗಿದ ಸ್ಥಿತಿಗೊಂದು ಎಂದು ಎರಡು ಉಬ್ಬುಗಳು ಬೇರೆಬೇರೆಯಾಗಿ ಕಾಣಬೇಕು. ಕೂಡಿಕೊಂಡಿದ್ದರೆ ಯಾದೃಚ್ಛಿಕ ಪ್ರವಾಹ ಹೆಚ್ಚಾಗಿರಬಹುದು, ಮೊದಲು ಅದನ್ನು ಅರ್ಧಕ್ಕೆ ಇಳಿಸಿ.