ಮೆಗಾಚರ್ಚ್ ಲೇಖನ ಕಳಿಸಿದವರಿಗೆ

ಪ್ರಿಯ ಲೇಖಕರೇ,

ವಾರಕ್ಕೆ ಸಾವಿರಾರು ಜನ ಸೇರುವ ಅಮೆರಿಕದ ಇವ್ಯಾಂಜಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರಾಟೆಸ್ಟಂಟ್) ಮೆಗಾಚರ್ಚ್‌ಗಳಲ್ಲಿ ಆರಾಧನೆ ಸರಕಾಗಿದೆ, ಬೋಧನೆ ಜಾಳಾಗಿದೆ ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ವಾದದಲ್ಲಿ ಹುರುಳಿದೆ, ಆಧಾರ ಮಾತ್ರ ಇಲ್ಲ. ಒಂಬತ್ತು ಪುಟಗಳಲ್ಲಿ ಬಣ್ಣದ ದೀಪ, ಹೊಗೆ ಯಂತ್ರ, ಕಾಫಿ ಕೌಂಟರ್ ಎಲ್ಲವೂ ಬಂದಿವೆ. ಒಂದೇ ಒಂದು ಪ್ರಸಂಗದ, ಅಂದರೆ ಬೋಧಕರ ಉಪದೇಶದ, ಒಂದು ಸಾಲೂ ಬಂದಿಲ್ಲ. ಬೋಧನೆ ಜಾಳು ಅನ್ನುವವರು ಆ ಬೋಧನೆಯನ್ನೇ ಓದುಗರ ಮುಂದಿಡಬೇಕಲ್ಲವೇ?

ಒಂದು ಚರ್ಚನ್ನು ಆರಿಸಿಕೊಳ್ಳಿ. ಅದರ ಹನ್ನೆರಡು ವಾರಗಳ ಪ್ರಸಂಗದ ವಿಡಿಯೊಗಳನ್ನು ಒಂದನ್ನೂ ಬಿಡದೆ ಸಾಲಾಗಿ ನೋಡಿ. ಬೇಕಾದ ಮೂರನ್ನಷ್ಟೇ ಹೆಕ್ಕಿದರೆ ಅದು ಸಾಕ್ಷ್ಯವಲ್ಲ. ಅಲ್ಲಿ ಪ್ರಸಂಗಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಸರಣಿಯಾಗಿ ಬರುತ್ತವೆ. ಸರಣಿಯ ಮೊದಲ ವಾರದಿಂದ ಶುರು ಮಾಡಿದರೆ ಎರಡಾದರೂ ಪೂರ್ತಿ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಬರೆದುಕೊಳ್ಳಿ: ಸತ್ಯವೇದದ (ಬೈಬಲಿನ) ಎಷ್ಟು ವಚನ ಓದಿದರು, ಹಿಂದುಮುಂದಿನ ವಚನ ಓದಿದರೇ, ಅದರ ವಿವರಣೆಗೆ ಎಷ್ಟು ನಿಮಿಷ ಹೋಯಿತು, ಬೋಧಕರ ಸ್ವಂತ ಕಥೆಗೆ ಎಷ್ಟು. ಪಾಪ, ಪಶ್ಚಾತ್ತಾಪ, ಶಿಲುಬೆ ಎಂಬ ಪದಗಳು ಮೂರು ತಿಂಗಳಲ್ಲಿ ಎಷ್ಟು ಸಲ, ಯಾವ ಅರ್ಥದಲ್ಲಿ ಬಂದವು ಎಂಬುದೂ ಬೇಕು. ಇನ್ನೊಂದು, ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ವಾಕ್ಯಗಳ ಕರ್ತೃ ಯಾರು ನೋಡಿ. ಕೆಲಸ ಮಾಡುತ್ತಿರುವವನು ದೇವರೋ, ಕುರ್ಚಿಯಲ್ಲಿ ಕೂತ ಕೇಳುಗನೋ?

ಬೋಧನೆ ಎಲ್ಲಿ ಕೆಡುತ್ತದೆ ಎಂಬುದನ್ನು ಯೆರೆಮೀಯ 29:11ರಲ್ಲಿ ಕಾಣಬಹುದು. ಒಳ್ಳೆಯ ಭವಿಷ್ಯ ಕೊಡುತ್ತೇನೆಂದು ದೇವರು ಹೇಳುವ ಮಾತದು. ಪರದೆಯ ಮೇಲೆ ಅದೊಂದೇ ಮೂಡಿದರೆ ಹೊಸ ನೌಕರಿ, ಹೊಸ ಮನೆಯ ಭರವಸೆಯಾಗಿ ಕೇಳಿಸುತ್ತದೆ. ಅದರ ಹಿಂದಿನ ವಚನದಲ್ಲೇ ಬಾಬಿಲೋನಿನ ಎಪ್ಪತ್ತು ವರ್ಷಗಳ ಮಾತಿದೆ. ಅಲ್ಲಿಗೆ ಸೆರೆಯಾಗಿ ಹೋದ ಹಿರಿಯರಿಗೆ ಬರೆದ ಪತ್ರವದು. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಊರಿನ ದಾರಿ ಕಾಣದೆಯೇ ಮಣ್ಣಾಗುವವರು. ಫಿಲಿಪ್ಪಿ 4:13ಕ್ಕೂ ಇದೇ ಗತಿ. 12ನೇ ವಚನದ ಹಸಿವು, ಕೊರತೆಗಳು ಬಿಟ್ಟುಹೋದರೆ, ಸೆರೆಯಲ್ಲಿ ಬೇಡಿ ತೊಟ್ಟ ಅಪೊಸ್ತಲ ಪೌಲನ ತೃಪ್ತಿಯ ಮಾತು ಗೆಲುವಿನ ಘೋಷಣೆಯಾಗುತ್ತದೆ. ಇಂಥ ಎರಡು ಉದಾಹರಣೆಗಳಿಗೆ ಒಂದೊಂದು ಪುಟ ಕೊಡಿ. ಹೊಗೆ ಯಂತ್ರದ ಪುಟ ತೆಗೆದುಹಾಕಿ.

ಇದಕ್ಕೆಲ್ಲ ಬೋಧಕರ ದುರಾಸೆಯೇ ಕಾರಣ ಎಂದಿದ್ದೀರಿ. ಅದು ಸುಲಭದ ಉತ್ತರ. ಆಸೆಯೇ ಇಲ್ಲದ ಬೋಧಕನನ್ನೂ ಆ ವ್ಯವಸ್ಥೆ ಅದೇ ದಾರಿಗೆ ನೂಕುತ್ತದೆ. ಒಂದೇ ಬೆಳಿಗ್ಗೆ ಮೂರು ಆರಾಧನೆಗಳಿದ್ದರೆ ಮೊದಲನೆಯವರ ಕಾರುಗಳು ಹೊರಡದೆ ಎರಡನೆಯವರಿಗೆ ಜಾಗವಿಲ್ಲ. ಪ್ರಸಂಗ ವಿಡಿಯೊ ಮೂಲಕ ಬೇರೆ ಊರುಗಳ ಶಾಖೆಗಳಿಗೂ ಹೋಗುವುದಾದರೆ ನಿಗದಿಯಾದ ನಿಮಿಷಕ್ಕೆ ಮುಗಿಯಲೇಬೇಕು. ಅದಕ್ಕಿಂತ ದೊಡ್ಡ ಒತ್ತಡ ಇನ್ನೊಂದಿದೆ: ಪ್ರತಿ ಭಾನುವಾರವೂ ಮೊದಲ ಸಲ ಬಂದವನಿಗೆ ಪೂರ್ತಿ ಅರ್ಥವಾಗಬೇಕು ಎಂಬ ನಿಯಮ. ಹಾಗಿದ್ದಾಗ ಹಿಂದಿನ ವಾರದ ಪಾಠದ ಮೇಲೆ ಈ ವಾರದ್ದನ್ನು ಕಟ್ಟುವುದು ಹೇಗೆ? ರೋಮಾಪುರದವರಿಗೆ ಬರೆದ ಪತ್ರದಂಥದ್ದನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಕಲಿಸುವುದು ಹೇಗೆ? ಹತ್ತು ವರ್ಷದಿಂದ ಬರುವವನೂ ಮೊದಲ ದಿನದ ಪಾಠವನ್ನೇ ಕೇಳುತ್ತಿರುತ್ತಾನೆ. ಲೇಖನದ ಬೆನ್ನೆಲುಬು ಇದಾಗಲಿ.

ಇನ್ನು ತಪ್ಪುಗಳು. ಗ್ರಾಹಕ ಮನೋಭಾವ 1990ರ ದಶಕದಲ್ಲಿ ಚರ್ಚಿನೊಳಗೆ ಬಂತು ಎಂದಿದ್ದೀರಿ. 19ನೇ ಶತಮಾನದಲ್ಲೇ ಅಮೆರಿಕದ ಎಷ್ಟೋ ಚರ್ಚ್‌ಗಳು ಬೆಂಚುಗಳನ್ನು ಬಾಡಿಗೆಗೆ ಕೊಡುತ್ತಿದ್ದವು. 1833ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕೂಡ ಚರ್ಚಿಗೆ ತೆರಿಗೆ ಹಣದ ಆಸರೆ ನಿಲ್ಲಿಸಿದ ಮೇಲೆ, ಅಲ್ಲಿನ ಎಲ್ಲ ಸಭೆಗಳೂ ಬಂದವರ ಕೊಡುಗೆಯಿಂದಲೇ ಬದುಕಬೇಕಾಯಿತು. 1955ರಲ್ಲಿ ಬೋಧಕ ರಾಬರ್ಟ್ ಶುಲ್ಲರ್ ಕ್ಯಾಲಿಫೋರ್ನಿಯದ ಡ್ರೈವ್-ಇನ್ ಚಿತ್ರಮಂದಿರದಲ್ಲಿ, ಕಾರಿನಲ್ಲೇ ಕೂತವರಿಗೆ ಆರಾಧನೆ ನಡೆಸಿದರು. 1975ರಲ್ಲಿ ಶಿಕಾಗೋ ಬಳಿ ಶುರುವಾದ ಮೆಗಾಚರ್ಚ್ ವಿಲೋ ಕ್ರೀಕ್‌ನವರು, ಚರ್ಚಿಗೆ ಏಕೆ ಬರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ, ಆ ಉತ್ತರಗಳಿಗೆ ತಕ್ಕಂತೆ ಭಾನುವಾರವನ್ನು ರೂಪಿಸಿದರು.

ಮೆಗಾಚರ್ಚ್‌ಗಳು ತಮ್ಮನ್ನು ತಾವು ಎಂದೂ ಪರೀಕ್ಷಿಸಿಕೊಂಡಿಲ್ಲ ಎಂಬ ಮಾತೂ ನಿಲ್ಲದು. ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದ ಮಾತ್ರಕ್ಕೆ ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿ ಬೆಳೆಯುವುದಿಲ್ಲವೆಂದು 2007ರಲ್ಲಿ ವಿಲೋ ಕ್ರೀಕ್ ತನ್ನದೇ ಸಮೀಕ್ಷೆಯ ಫಲವನ್ನು ಪ್ರಕಟಿಸಿತು. ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು, ಅದನ್ನೇ ಬಿಟ್ಟಿದ್ದೀರಿ.

ಗಾತ್ರವನ್ನೇ ದೋಷವೆಂದು ಎಣಿಸಬೇಡಿ. ವಾರಕ್ಕೆ 2,000 ಜನ ಸೇರಿದರೆ ಮೆಗಾಚರ್ಚ್ ಎನ್ನುವುದು ರೂಢಿಯ ಅಳತೆ. ಲಂಡನ್ನಿನಲ್ಲಿ 1861ರಲ್ಲಿ ತೆರೆದ, ಬೋಧಕ ಸ್ಪರ್ಜನ್ನರ ಸಭಾಮಂದಿರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಜನ ಕೂಡುತ್ತಿದ್ದರು. ಅಲ್ಲಿನ ಬೋಧನೆಯನ್ನು ಜಾಳು ಎಂದವರು ವಿರಳ. ಸರಳ ಬೋಧನೆಯನ್ನೂ ಜಾಳು ಬೋಧನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಯೇಸು ಹೇಳಿದ ಸಾಮ್ಯಗಳು (ದೃಷ್ಟಾಂತ ಕಥೆಗಳು) ಸರಳ, ಆದರೆ ಆಳ. ನಂಬಿದವರಿಗೆ ದೇವರು ಹಣ, ಆರೋಗ್ಯ ಕೊಡುತ್ತಾನೆಂಬ ‘ಸಮೃದ್ಧಿಯ ಸುವಾರ್ತೆ’ ಸಾರುವವರನ್ನು ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ. ಅವರ ದೋಷ ಬೇರೆ ಜಾತಿಯದು. ಆದಾಯದ ಅಂಕಿಗಳನ್ನೂ ತೆಗೆಯಿರಿ. ಅಮೆರಿಕದಲ್ಲಿ ಚರ್ಚ್‌ಗಳು ಇತರ ದತ್ತಿ ಸಂಸ್ಥೆಗಳಂತೆ ಆದಾಯ-ವೆಚ್ಚದ ವಿವರ ಕೊಡುವ ವಾರ್ಷಿಕ 990 ನಮೂನೆಯನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕಿಲ್ಲ. ಹೀಗಾಗಿ ಚರ್ಚ್ ತಾನೇ ಪ್ರಕಟಿಸಿದ ಲೆಕ್ಕಪತ್ರವಿಲ್ಲದ ಅಂಕಿಯನ್ನು ನಾವು ಅಚ್ಚು ಹಾಕುವುದಿಲ್ಲ.

ಏಳನೇ ಪುಟದ ಒಂದು ಪ್ಯಾರಾವನ್ನು ಮಾತ್ರ ಮುಟ್ಟಬೇಡಿ. ಆರಾಧನೆ ಮುಗಿದ ಮೇಲೆ ಬೋಧಕರಿಗೆ ಪ್ರಶ್ನೆ ಕೇಳಲು ನಿಂತ ಮುದುಕಿಯನ್ನು, ಮುಂದಿನ ಆರಾಧನೆಗೆ ಹದಿನೈದೇ ನಿಮಿಷವಿದೆಯೆಂದು ಸ್ವಯಂಸೇವಕರು ಮೆಲ್ಲಗೆ ಬಾಗಿಲ ಕಡೆ ನಡೆಸಿಕೊಂಡು ಹೋಗುವ ಪ್ಯಾರಾ. ಲೇಖನ ಅಲ್ಲಿಂದ ಶುರುವಾಗಲಿ. ಆಕೆ ಕೇಳಬೇಕೆಂದಿದ್ದ ಪ್ರಶ್ನೆ ಏನೆಂದು ನೀವು ಬರೆದಿಲ್ಲ. ತಿಳಿದಿದ್ದರೆ ಅದನ್ನೂ ಸೇರಿಸಿ ಕಳಿಸಿ.

— ಸಂಪಾದಕರು