ಆಪ್ತ ಸಲಹೆ: ಬಲೂನು ಖಾಲಿ ಬಿಟ್ಟುಕೊಂಡು ಹೋಗಿ

ಕೋಲಾರದಿಂದ ಬಂದ ಪತ್ರ. ನಾಲ್ಕು ಪುಟ, ಜೊತೆಗೆ ನಾಲ್ಕು ಕಾಮಿಕ್ಸ್ ಪುಸ್ತಕ. ಬರೆದವರಿಗೆ 31 ವರ್ಷ. ಹಗಲು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ರಾತ್ರಿ ದೆವ್ವ ಬರೆಯುತ್ತಾರೆ. ಕೆಜಿಎಫ್‌ನ ಮುಚ್ಚಿದ ಗಣಿಯೊಳಗೆ ನಡೆಯುವ ಸರಣಿ ಅದು, ಕತೆ, ಚಿತ್ರ ಎರಡೂ ಅವರದೇ. ಒಬ್ಬ ಹುಡುಗ, ಅವನಿಗೆ ಸುರಂಗದಲ್ಲಿ ಸಿಗುವ ಸತ್ತ ಮೇಸ್ತ್ರಿ ತಾತ. ಏರ್ ಬ್ಲಾಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯೋದು) ಆಗುವ ಮುಂಚೆ ಬಂಡೆ ಹೇಗೆ ಚಿಟಿಚಿಟಿ ಅನ್ನುತ್ತೆ, ಆಗ ಯಾವ ಕಡೆ ಓಡಬೇಕು, ಇದೆಲ್ಲ ತಾತ ಹುಡುಗನಿಗೆ ಕಲಿಸುತ್ತಾನೆ. ಐದನೇ ಸಂಚಿಕೆಯಲ್ಲಿ ಗುಟ್ಟು ಬಯಲಾಗಬೇಕು: ಇಷ್ಟು ದಿನ ತಾತ ಹುಡುಗನಿಗೆ ವಿದ್ಯೆ ಹೇಳಿಕೊಟ್ಟಿದ್ದೇ ತನ್ನ ಜಾಗದಲ್ಲಿ ಅವನನ್ನು ಕೂರಿಸಿ ತಾನು ಮೇಲಕ್ಕೆ ಹೋಗೋಕೆ.

ತಕರಾರು ಏನಂದ್ರೆ, ಪತ್ರದವರಿಗೆ ಏಳನೇ ಕ್ಲಾಸಿನಿಂದ ಕುಂಚ ಹಿಡಿಯೋದು ಕಲಿಸಿದ, ಅಂಗಡಿ ಬೋರ್ಡ್ ಬರೆಯುವ ಮೇಷ್ಟ್ರು, ಈಗ 68 ವರ್ಷದವರು, ನಾಲ್ಕನೇ ಸಂಚಿಕೆ ಬಂದ ಮೇಲೆ ಮಾತು ಬಿಟ್ಟಿದ್ದಾರೆ. ಕ್ಲಾಕ್ ಟವರ್ ಹತ್ತಿರ ಎದುರು ಸಿಕ್ಕರೆ ರಸ್ತೆ ದಾಟಿ ಆ ಕಡೆ ಹೋಗ್ತಾರಂತೆ. "ಮೋಸಗಾರ ತಾತ ತಾನೇ ಅಂದುಕೊಂಡು ನೊಂದಿದ್ದಾರೆ" ಅನ್ನೋದು ಪತ್ರದವರ ಊಹೆ. ತಾತನ ಕೆಮ್ಮು ಮೇಷ್ಟ್ರದು, ಮಾತಿಗೊಮ್ಮೆ "ನಾಯನಾ" ಅನ್ನೋದೂ ಮೇಷ್ಟ್ರದು. ಗುರುವನ್ನು ಕೆಟ್ಟವನು ಅಂತ ತೋರಿಸಿದರೆ ವಿದ್ಯೆ ಕೈಬಿಡುತ್ತೆ, ತಾತನನ್ನು ಒಳ್ಳೆಯವನು ಮಾಡಿ ಮುಗಿಸಿ ಅಂತ ಹೆಂಡತಿ. ಅಚ್ಚಿನ ದುಡ್ಡು ಹಾಕುವ ಚಿಕ್ಕಪ್ಪನ ಮಗ ಬೆಂಗಳೂರಿನಿಂದ "ಮುದುಕರ ಈಗೋ ಅದು, ಬಿಡು" ಅಂದಿದ್ದಾನೆ. ಪತ್ರದವರು ಕೇಳೋದು: ಕತೆ ಬದಲಿಸಲಾ, ಇಲ್ಲ ಕ್ಷಮೆ ಕೇಳಿ ಒಂದು ಮೆಸೇಜ್ ಹಾಕಲಾ?

ಸ್ವಾಮಿ, ನಿಮ್ಮ ಪತ್ರದ ಮೂರನೇ ಪುಟದ ಕೊನೆಯಲ್ಲಿ ಆವರಣದೊಳಗೆ ಒಂದು ಸಾಲು ಇದೆ. "(ಮೇಷ್ಟ್ರ ಕಣ್ಣು ಸ್ವಲ್ಪ ಮಂಜಾಗಿ ಮೂರನೇ ಸಂಚಿಕೆ ಒಂದು ತಿಂಗಳು ತಡವಾಯ್ತು, ಅದಕ್ಕೆ ನಾಲ್ಕನೆಯದರಿಂದ ಅಕ್ಷರ ಕಂಪ್ಯೂಟರಲ್ಲೇ ಮಾಡಿದ್ದೀವಿ, ಒಳಪುಟದಲ್ಲಿ ಅವರ ಹೆಸರು ಬಂದಿಲ್ಲ.)" ಕೆಮ್ಮಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಇದಕ್ಕೆ ಒಂದು ಆವರಣ.

ಕೆಮ್ಮನ್ನು ಮೊದಲು ತೀರಿಸೋಣ. ಮೊದಲ ಮೂರು ಸಂಚಿಕೆಯ ಬಲೂನುಗಳನ್ನೆಲ್ಲ, ಅಂದರೆ ಪಾತ್ರಗಳ ಮಾತು ಕೂರುವ ಗುಳ್ಳೆಗಳನ್ನೆಲ್ಲ, ಕೈಯಿಂದ ಬರೆದವರು ಮೇಷ್ಟ್ರೇ. ಒಂದೊಂದರಲ್ಲೂ 24 ಪುಟ, ಅದರಲ್ಲಿ ಕತೆ 22 ಪುಟ, ಪುಟಕ್ಕೆ ಏಳು ಬಲೂನು ಅಂತ ಹಿಡಿದರೂ ಮೂರು ಸಂಚಿಕೆಗೆ 450ಕ್ಕೂ ಮೇಲಾಗುತ್ತೆ. ಆ "ಖೊಳ್ ಖೊಳ್" ಅನ್ನು ಅವರೇ ತಮ್ಮ ಕೈಯಾರೆ ಬರೆದಿದ್ದಾರೆ. ಎರಡನೇ ಸಂಚಿಕೆಯ ಹೊತ್ತಿಗೇ ತಾತ ಕೈಕೊಡುತ್ತಾನೆ ಅಂತ ನೀವು ಹೇಳಿದಾಗ ಅವರು "ಹಾಗಾದ್ರೆ ದನಿ ಈಗಿಂದ್ಲೇ ಒಡೀಬೇಕು ನಾಯನಾ" ಅಂದರಂತೆ. ಇದನ್ನು ತಮಾಷೆ ಅಂತ ಬರೆದಿದ್ದೀರಿ. ದ್ರೋಹಕ್ಕೆ ಎರಡನೇ ಸಂಚಿಕೆಯಿಂದಲೇ ತಯಾರಿ ಮಾಡಿದ ಮನುಷ್ಯ, ಅದೇ ದ್ರೋಹದ ಸುಳಿವು ನಾಲ್ಕರಲ್ಲಿ ಅಚ್ಚಾಗಿ ಬಂದಾಗ ಮುನಿಸಿಕೊಳ್ಳುತ್ತಾರಾ? ನಿಮಗೂ ಇದು ಗೊತ್ತಿದೆ, ಅದಕ್ಕೇ ಆವರಣ ಹಾಕಿದ್ದು.

ಈಗ ನಾಲ್ಕನೇ ಸಂಚಿಕೆಯ ಮುಖಪುಟ ನೋಡಿ. ಸರಣಿಯ ಹೆಸರು, ಆ ಬಿರುಕುಬಿಟ್ಟ ದಪ್ಪ ಅಕ್ಷರ, ಯಾರ ಕುಂಚದ್ದು? ಮೊದಲ ಸಂಚಿಕೆಯ ಒಳಪುಟದಲ್ಲಿ ನೀವೇ ಹಾಕಿದ್ದೀರಿ: "ಶೀರ್ಷಿಕೆ, ಅಕ್ಷರ: ಮೇಷ್ಟ್ರು." ನಾಲ್ಕರಲ್ಲೂ ಅದೇ ಶೀರ್ಷಿಕೆ ಇದೆ, ಹೆಸರು ಮಾತ್ರ ಇಲ್ಲ. ಅವರು ದುಡ್ಡೂ ತೊಗೊಂಡಿಲ್ಲ ಅಂತೀರಿ. 1957ರ ಕೃತಿಸ್ವಾಮ್ಯ ಕಾಯ್ದೆ ಹಿಡಿದರೆ ಆ ಶೀರ್ಷಿಕೆಯ ಒಡೆಯರು ಇವತ್ತಿಗೂ ಅವರೇ, ಬರವಣಿಗೆಯಲ್ಲಿ ಸಹಿ ಮಾಡಿ ಕೊಡುವ ತನಕ ಹಕ್ಕು ಇನ್ನೊಬ್ಬರಿಗೆ ಹೋಗಲ್ಲ. ಹೆಸರು ಕೇಳುವ ಹಕ್ಕಂತೂ ಆ ಕಾಯ್ದೆಯ 57ನೇ ಕಲಂನಲ್ಲೇ ಇದೆ. ಅವರು ಕಾಯ್ದೆ ಹಿಡಿದು ಬರುವವರಲ್ಲ, ರಸ್ತೆ ದಾಟಿ ಹೋಗುವವರು. ಹಾಗಾಗಿ ನಾನೇ ಹೇಳಬೇಕಾಯ್ತು.

ನನ್ನ ಸಿಟ್ಟೆಲ್ಲ ನಿಮ್ಮ ಚಿಕ್ಕಪ್ಪನ ಮಗನ ಮೇಲೆ. ಫಾಂಟ್ ಹಾಕು ಅಂದವನು ಅವನು, ಜಾಗ ಇಲ್ಲ ಹೆಸರು ತೆಗೆ ಅಂದವನೂ ಅವನೇ ಅಂತ ಸಾಲುಗಳ ಮಧ್ಯೆ ಕಾಣುತ್ತೆ. ಆ ಒಳಪುಟದಲ್ಲಿ ಅವನ ಹೆಸರು "ನಿರ್ಮಾಣ" ಅಂತ ಎಷ್ಟು ದೊಡ್ಡದಾಗಿದೆ ಅಂದ್ರೆ, ಅದರ ಅರ್ಧ ಜಾಗದಲ್ಲಿ ಮೇಷ್ಟ್ರು, ಅವರ ಅಂಗಡಿ, ಅಂಗಡಿ ಮುಂದಿನ ಬೇವಿನ ಮರ ಎಲ್ಲ ಹಿಡಿಸಬಹುದಿತ್ತು. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೀನೋ: ನೆಂಟರ ಜೊತೆ ವ್ಯವಹಾರ ಅಂದಮೇಲೆ ಕಾಗದ ಆಗಲೇಬೇಕು. ದುಡ್ಡು ಹಾಕಿದವನು ದುಡ್ಡು ಕೇಳಲಿ, ಲಾಭದಲ್ಲಿ ಪಾಲು ಕೇಳಲಿ, ಯಾರ ಹೆಸರು ಇರಬೇಕು ಅಂತ ತೀರ್ಮಾನ ಮಾಡೋದು ಅವನ ಕೆಲಸವಲ್ಲ. ಪಾತ್ರಗಳ ಹಕ್ಕು ಬರೆದುಕೊಡು ಅಂತ ನಾಳೆ ಅವನೇ ಬಂದರೆ ಎಷ್ಟು ವರ್ಷಕ್ಕೆ, ಎಷ್ಟು ದುಡ್ಡಿಗೆ, ಯಾವ ಯಾವ ರೂಪಕ್ಕೆ ಅಂತ ಬರೆಸದೆ ಸಹಿ ಹಾಕಬೇಡಿ. ಅವಧಿ ಬರೆಯದೆ ಬಿಟ್ಟರೆ ಕಾನೂನು ಐದು ವರ್ಷ ಅಂತ ಹಿಡಿಯುತ್ತೆ.

ಇನ್ನು ತಾತ. ಅವನನ್ನು ಒಳ್ಳೆಯವನು ಮಾಡಬೇಡಿ. ನಿಮ್ಮ ಮನೆಯವರ ಭಯ ನನಗೆ ಅರ್ಥವಾಗುತ್ತೆ, ಆದರೆ ಕೈಕೊಡುವ ಗುರು ನಮ್ಮ ಕತೆಗಳಿಗೆ ಹೊಸಬನಲ್ಲ. ಬೇತಾಳನ ಕತೆಯನ್ನೇ ತೊಗೊಳ್ಳಿ. 11ನೇ ಶತಮಾನದಲ್ಲಿ ಸೋಮದೇವ ಬರೆದಿಟ್ಟ ರೂಪದಲ್ಲಿ ಒಬ್ಬ ಭಿಕ್ಷು ಹತ್ತು ವರ್ಷ ದಿನಾ ರಾಜನಿಗೆ ಒಂದು ಹಣ್ಣು ತಂದುಕೊಡುತ್ತಾನೆ, ರಾಜ ಅದನ್ನು ಹಾಗೇ ಭಂಡಾರದವನ ಕೈಗೆ ದಾಟಿಸುತ್ತಾನೆ. ಒಂದು ದಿನ ಮಂಗ ಕಚ್ಚಿದಾಗ ಒಳಗಿಂದ ರತ್ನ ಬೀಳುತ್ತೆ. ರಾಜ ಕರಗಿ, ಸ್ಮಶಾನಕ್ಕೆ ಬರ್ತೀನಿ, ಹೆಣ ಹೊತ್ತು ತರ್ತೀನಿ ಅಂತ ಒಪ್ಪುತ್ತಾನೆ. ಭಿಕ್ಷು ಹೊಂಚು ಹಾಕಿರೋದು ರಾಜನ ತಲೆಗೇ. ಕೊನೆಗೆ ಸಾಷ್ಟಾಂಗ ಬೀಳು ಅಂದಾಗ, ಬೇತಾಳ ಹೇಳಿಕೊಟ್ಟಂತೆ ರಾಜ "ನನಗೆ ಗೊತ್ತಿಲ್ಲ, ನೀನೇ ಮೊದಲು ಮಾಡಿ ತೋರಿಸು" ಅನ್ನುತ್ತಾನೆ. ಭಿಕ್ಷು ಬಗ್ಗುತ್ತಾನೆ, ತಲೆ ಹೋಗುತ್ತೆ. ಇದರಲ್ಲಿ ಸುಳಿವು ಎಲ್ಲಿದೆ ನೋಡಿ. ಭಿಕ್ಷುವಿನ ಹುಬ್ಬಿನಲ್ಲೂ ಇಲ್ಲ, ನಗುವಿನಲ್ಲೂ ಇಲ್ಲ, ಅವನು ಕೊಟ್ಟ ಹಣ್ಣಿನಲ್ಲೇ ಇದೆ. ಹತ್ತು ವರ್ಷದ ಉಡುಗೊರೆಯೇ ಗಾಳ.

ನೀವೂ ಮೂರನೇ ಸಂಚಿಕೆಯವರೆಗೆ ಇದನ್ನು ಸೊಗಸಾಗಿ ಮಾಡಿದ್ದೀರಿ. ತಾತನ ಕಾರ್ಬೈಡ್ ದೀಪದ ಮೇಲಿನ ಡಬ್ಬಿಗೆ ನೀರು ಹಾಕೋ ಕೆಲಸ ಯಾವಾಗಲೂ ಹುಡುಗನದು. ಹನಿ ಹನಿಯಾಗಿ ನೀರು ಕೆಳಗಿನ ಕಾರ್ಬೈಡ್ ಮೇಲೆ ಬಿದ್ದರೆ ತಾನೇ ಗ್ಯಾಸ್ ಹುಟ್ಟೋದು, ಜ್ವಾಲೆ ಬರೋದು? ಅಂದರೆ ತಾತನ ಬೆಳಕು ಹುಡುಗನ ಕೈಯಲ್ಲಿದೆ. ಮೂರನೇ ಸಂಚಿಕೆಯ 9ನೇ ಪುಟದಲ್ಲಿ ಉಸಿರುಕಟ್ಟಿ ಹುಡುಗ ಗೋಡೆ ಹಿಡಿದಿದ್ದಾನೆ, ಗಾಳಿಯೇ ಇಲ್ಲದ ಕಡೆ ತಾತನ ದೀಪ ಅಲ್ಲಾಡದೆ ಉರಿಯುತ್ತಿದೆ, ಯಾರೂ ಅದರ ಬಗ್ಗೆ ಮಾತಾಡಲ್ಲ. ಅದು ರತ್ನ. ಆಮೇಲೆ ನಾಲ್ಕರಲ್ಲಿ ಯಾಕೆ ತಾತನ ಮುಖಕ್ಕೆ ಕೆಳಗಿನಿಂದ ಬೆಳಕು ಬಿಟ್ಟು, ಹುಬ್ಬು ಮೇಲಕ್ಕೆ ಎಳೆದು, ನಾಟಕದ ಶಕುನಿ ಮಾಡಿಬಿಟ್ಟಿರಿ? ಐದರಲ್ಲಿ ಆ ಹುಬ್ಬು ಇಳಿಸಿ. ಕೈಕೊಡುವ ಹೊತ್ತಿನಲ್ಲಿ ತಾತ ಮೊದಲಿಗಿಂತ ಪ್ರೀತಿಯಿಂದಿರಲಿ.

ನಾಲ್ಕರ ಇನ್ನೊಂದು ಎಡವಟ್ಟು ಪುಟದ ಲೆಕ್ಕದ್ದು. ತಾತನಿಗೆ ನೆರಳಿಲ್ಲ ಅನ್ನೋ ದೊಡ್ಡ ಚಿತ್ರ 13ನೇ ಪುಟದಲ್ಲಿ ಹಾಕಿದ್ದೀರಿ. ನಡುವೆ ಪಿನ್ ಹೊಡೆದ 24 ಪುಟದ ಪುಸ್ತಕದಲ್ಲಿ 12, 13 ಎದುರುಬದುರು, ಅದೂ ನಟ್ಟನಡುವಿನ ಹಾಳೆ. ಓದುಗ 12ರ ಮೊದಲ ಚೌಕ ಓದುವಾಗಲೇ ಕಣ್ಣು 13ಕ್ಕೆ ಹೋಗಿರುತ್ತೆ, ಗುಟ್ಟು ಮುಗೀತು. ಬಯಲಾಗುವ ಚಿತ್ರ ಯಾವತ್ತೂ ಸಮಸಂಖ್ಯೆಯ ಪುಟಕ್ಕೆ ಬರಲಿ, ಹಾಳೆ ತಿರುಗಿಸಿದ ಮೇಲೆ ಎಡಗಡೆಗೆ ಸಿಗೋದು ಅದು. ಐದರಲ್ಲಿ 16 ಸರಿ. 15ರ ಕೊನೆಯ ಚೌಕದಲ್ಲಿ ಹುಡುಗ ತಿರುಗಿ ನೋಡಲಿ, ಅಷ್ಟೇ. ಹಾಂ, 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಪಂಪ್ ನಿಂತ ಮೇಲೆ ಒಳಗೆ ನೀರು ತುಂಬಿದೆ. ಅಲ್ಲಿನ ಗಣಿಯಾದ ಚಾಂಪಿಯನ್ ರೀಫ್‌ನ ಮೂರು ಕಿಲೋಮೀಟರ್ ಆಳದಲ್ಲಿ ನಿಮ್ಮ ಹುಡುಗ ಒಣ ಕಾಲಲ್ಲಿ ಓಡಾಡಿದರೆ ರಾಬರ್ಟ್‌ಸನ್‌ಪೇಟೆಯ ಓದುಗ, ಗಣಿ ಊರಿನವನು, ನಗ್ತಾನೆ. ಮೇಲಿನ ಲೆವೆಲ್‌ಗಳಲ್ಲೇ ಇಟ್ಟುಕೊಳ್ಳಿ.

ನಿಜವಾದ ನಷ್ಟ ಅಕ್ಷರದಲ್ಲಿ ಆಗಿದೆ. ಮೂರನೇ ಸಂಚಿಕೆಯಲ್ಲಿ ತಾತ "ಬಾ ನಾಯನಾ" ಅನ್ನುವ ಬಲೂನು ನೋಡಿ: ಒಣ ಕುಂಚದ ಗೆರೆ, "ನಾ" ದೀರ್ಘದ ಬಾಲ ಬಿದಿರು ಸೀಳಿದ ಹಾಗೆ ಎರಡಾಗಿದೆ. ಹುಡುಗನ ಅಕ್ಷರ ಅದರ ಪಕ್ಕದಲ್ಲೇ ದುಂಡಗೆ, ತುಂಬಿಕೊಂಡಿದೆ. ದನಿ ಒಡೀಬೇಕು ಅಂದರಲ್ಲ, ಅದು ಇದು. ನಾಲ್ಕರಲ್ಲಿ ತಾತ, ಹುಡುಗ ಇಬ್ಬರೂ ಒಂದೇ ಫಾಂಟ್‌ನಲ್ಲಿ ಸರ್ಕಾರಿ ಸುತ್ತೋಲೆ ಓದಿದ ಹಾಗೆ ಮಾತಾಡ್ತಾರೆ. ಸಾಲದ್ದಕ್ಕೆ ಇಂಗ್ಲಿಷ್ ಕಾಮಿಕ್ಸ್ ಅಳತೆಯಲ್ಲಿ ಸಾಲು ಒತ್ತಿದ್ದೀರಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮೇಲೊಂದು ಕೆಳಗೊಂದು ಗೆರೆ ಸಾಕು. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, "ಶಾಸ್ತ್ರ" ಅಂತ ಬಂದರೆ ಒತ್ತಿನ ಜೊತೆ ಇನ್ನೊಂದು ಒತ್ತು. 11ನೇ ಪುಟದಲ್ಲಿ "ಕತ್ತಲಲ್ಲಿ" ಪದದ ಒತ್ತುಗಳು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದಿವೆ. 9 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 13 ಆದರೂ ಬೇಕು. ಅಂಚಿನಲ್ಲಿ ಕೆಂಪು ನೀಲಿ ಮಂಜು ಕಾಣುತ್ತಲ್ಲ, ಅದು ಪ್ರೆಸ್‌ನವರ ತಪ್ಪಲ್ಲ: ಅಕ್ಷರವನ್ನು ಚಿತ್ರದ ಜೊತೆ ಒಂದೇ ಪದರ ಮಾಡಿ ಕಳಿಸಿದ್ದಕ್ಕೆ ಕಪ್ಪು ನಾಲ್ಕು ಬಣ್ಣದಲ್ಲಿ ಅಚ್ಚಾಗಿದೆ, ಕೂದಲೆಳೆ ಸರಿದರೂ ಮಸುಕಾಗುತ್ತೆ. ಅಕ್ಷರ ಬೇರೆ ಪದರದಲ್ಲಿರಲಿ, ಬರೀ ಕಪ್ಪು ಶಾಯಿಯಲ್ಲಿ, 100 ಪರ್ಸೆಂಟ್.

ಮೆಸೇಜ್ ಹಾಕಬೇಡಿ. ಕೈ ಮುಗಿದ ಇಮೋಜಿಯಲ್ಲಿ ಕ್ಷಮೆ ಕೇಳೋದು ಕ್ಷಮೆಯೇ ಅಲ್ಲ ಅಂತ ಇಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ನೀವು ಮಾಡಬೇಕಾದ್ದು ಒಂದೇ. ಐದನೇ ಸಂಚಿಕೆಯ 22 ಪುಟಗಳನ್ನು ಬಲೂನು ಖಾಲಿ ಬಿಟ್ಟು ಅವರ ಅಂಗಡಿಗೆ ತೆಗೆದುಕೊಂಡು ಹೋಗಿ. ಹೆಂಡತಿ ಬಂದರೆ ಕರಕೊಂಡು ಹೋಗಿ, ಚಿಕ್ಕಪ್ಪನ ಮಗ ಬೇಡ.

ಒಯ್ಯುವ ರೀತಿ ಮಾತ್ರ ಸರಿಯಾಗಿರಲಿ, ಇಲ್ಲದಿದ್ದರೆ ಅವರ ಕಣ್ಣು ಮತ್ತೆ ಅಡ್ಡ ಬಂದು ಅವಮಾನ ಎರಡು ಪಟ್ಟಾಗುತ್ತೆ. ನಿಮ್ಮ ಪುಸ್ತಕ ಎ5. ಮೊದಲು ಎ4 ಹಾಳೆಯಲ್ಲಿ ಬರೆಸಿದ್ದಿರಿ, ಆ ಅಳತೆಯಲ್ಲಿ ಅಕ್ಷರದ ಮೈ ಮೂರೂವರೆ ಮಿಲಿಮೀಟರ್. ಮಂಜುಗಣ್ಣಿಗೆ ಅದು ಹಿಂಸೆ, ಜೀವನವಿಡೀ ಅಡಿಗಟ್ಟಲೆ ಅಕ್ಷರ ಬರೆದ ತೋಳಿಗೂ ಹಿಂಸೆ. ಈ ಸಲ ಎ3ಗೆ ಹಿಗ್ಗಿಸಿ. ಅಕ್ಷರ ಐದು ಮಿಲಿಮೀಟರ್ ಆಗುತ್ತೆ, ಅಚ್ಚಿನಲ್ಲಿ ಅರ್ಧಕ್ಕೆ ಇಳಿದಾಗ ಮೊದಲಿನಷ್ಟೇ ಕಾಣುತ್ತೆ. ಚಿತ್ರವನ್ನು ತಿಳಿನೀಲಿಯಲ್ಲಿ ಪ್ರಿಂಟ್ ತೆಗೆಸಿ, ಮೇಲೆ ಟ್ರೇಸಿಂಗ್ ಹಾಳೆ, ಮೂಲೆಗೆ ಕಾಗದದ ಟೇಪು, ನಾಲ್ಕು ಮೂಲೆಯಲ್ಲೂ ಪ್ಲಸ್ ಗುರುತು. ಆ ಗುರುತು ಇಲ್ಲದಿದ್ದರೆ ಸ್ಕ್ಯಾನ್ ಆದ ಮೇಲೆ ಅಕ್ಷರ ಬಲೂನಿಗೆ ಕೂರಲ್ಲ. ಗಾಜಿನ ಕೆಳಗೆ ಒಂದು ಟ್ಯೂಬ್‌ಲೈಟ್ ಸಾಕು. ಬಲೂನಿಗೆ 12 ಪದ ದಾಟಬೇಡಿ, ಅಂಡಾಕಾರ ಬಿಟ್ಟು ಅಗಲವಾಗಿ ಬರೆಯಿರಿ, ನಮ್ಮ ಪದಗಳು ಉದ್ದ. ಮೇಷ್ಟ್ರು ಅಭ್ಯಾಸಬಲದಿಂದ ಎನಾಮಲ್ ಡಬ್ಬಿಗೆ ಕೈ ಹಾಕಿದರೆ ತಡೆಯಿರಿ, ಎಣ್ಣೆ ಹಾಳೆಗೆ ಹೀರಿಕೊಂಡು ಅಕ್ಷರದ ಸುತ್ತ ಹಳದಿ ಬಳೆ ಕಟ್ಟುತ್ತೆ. ನೀರಿಗೆ ಕರಗದ ಕಪ್ಪು ಡ್ರಾಯಿಂಗ್ ಇಂಕ್ ಕೊಡಿ. ಸ್ಕ್ಯಾನ್ 600 ಡಿಪಿಐ, ಬರೀ ಕಪ್ಪು ಬಿಳಿ.

ಒಳಪುಟದ ಪ್ರೂಫನ್ನೂ ಜೊತೆಗೇ ಒಯ್ಯಿರಿ, ಅದರಲ್ಲಿ ಅವರ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ ಆಗಲೇ ಅಚ್ಚಾಗಿರಲಿ. ಅವರು ಬೇಡ ಅಂದರೂ ಅದು ಹಾಗೇ ಉಳಿಯಬೇಕು. ನಾಲ್ಕನೇ ಸಂಚಿಕೆಯ ಮಾರದೆ ಉಳಿದ ಪ್ರತಿಗಳಿಗೆ "ಶೀರ್ಷಿಕೆ" ಅಂತ ಅವರ ಹೆಸರಿನ ಚೀಟಿ ಅಂಟಿಸಿ. ತಡವಾದರೆ ತಡವಾಗಲಿ, ದೆವ್ವಕ್ಕೇನು ಅವಸರ. ಕಣ್ಣು ತೋರಿಸೋ ಮಾತು ಆವತ್ತೇ ಎತ್ತಬೇಡಿ, ಎರಡು ವಾರ ಬಿಟ್ಟು ನೀವೇ ಕರೆದುಕೊಂಡು ಹೋಗಿ. 68ಕ್ಕೆ ಮಂಜು ಅಂದರೆ ಬಹುಶಃ ಪೊರೆ, ಅದಕ್ಕೆ ದಾರಿ ಇದೆ.

ಮೊದಲ ಪುಟದಿಂದ ಶುರು ಮಾಡಿಸಬೇಡಿ. 16ನೇ ಪುಟ ಮುಂದಿಡಿ, ತಾತ ಬಯಲಾಗುವ ಪುಟ. ಮಾತು ಏನಿರಬೇಕು ಅಂತ ಅವರನ್ನೇ ಕೇಳಿ. ಟ್ರೇಸಿಂಗ್ ಹಾಳೆ ಮಾತ್ರ 22 ಸಾಲದು, 30 ಇರಲಿ. ಇಷ್ಟು ದಿನ ಬಿಟ್ಟ ಕೈ, ಮೊದಲ ಐದಾರು ಕೆಡುತ್ತೆ.